ಎಂಟೂವರೆ ಅಡಿ ಕಮಾನು

ನನ್ನ ಬಲ ಅಂಗೈಯಲ್ಲಿ ಹುಟ್ಟಿನಿಂದ ಬಾರದ ಗೆರೆ ಎರಡಿವೆ. ಒಂದು ಕಿರುಬೆರಳಿನ ಬುಡದಿಂದ ಹೆಬ್ಬೆರಳಿನವರೆಗೆ ಓಡುತ್ತದೆ, ಇನ್ನೊಂದು ಅದರ ಕೆಳಗೆ, ಮೋಟು. ತಿಪಟೂರಿನ ಕಡೆ ಜಾತ್ರೆಯಲ್ಲಿ ಕೈ ನೋಡುವವನೊಬ್ಬ ಅದನ್ನು ಕಂಡು ಆಯುಷ್ಯರೇಖೆ ಕವಲೊಡೆದಿದೆ ಅಂದ. ಅದು ಗೇಟಿನ ಸರಳು ಕಣಯ್ಯ ಅಂದೆ. ಆದರೂ ಐವತ್ತು ರೂಪಾಯಿ ಇಸಕೊಂಡ.

ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ನಾನು. ಬೆಂಕಿ ಅಂದರೆ ಗೊತ್ತಿಲ್ಲದವನಲ್ಲ. ಎಣ್ಣೆ ಕುಡಿದ ಕಾಟನ್ ವೇಸ್ಟ್ ಮೂಲೆಯಲ್ಲಿ ಬಿದ್ದಿದ್ದರೆ ಏನಾಗುತ್ತದೆ, ವೆಲ್ಡಿಂಗ್ ಕಿಡಿ ಎಷ್ಟು ದೂರ ಹಾರುತ್ತದೆ, ಯಾವ ಬೆಂಕಿಗೆ ನೀರು, ಯಾವುದಕ್ಕೆ ಮರಳು, ಯಾವುದಕ್ಕೆ ಪುಡಿ, ಎಲ್ಲ ಕಲಿತಿದ್ದೆ. ಪ್ರತಿ ವರ್ಷ ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಕಾರ್ಖಾನೆಯ ಅಂಗಳದಲ್ಲಿ ತಗಡಿನ ತಟ್ಟೆಗೆ ಡೀಸೆಲ್ ಸುರಿದು ಹಚ್ಚುತ್ತಿದ್ದರು. ಪಿನ್ನು ಎಳಿ, ಬುಡಕ್ಕೆ ಹಿಡಿ, ಹಿಡಿಕೆ ಒತ್ತು, ಆಚೆ ಈಚೆ ಬೀಸು. ಎರಡು ಸಲ ಬಹುಮಾನವನ್ನೂ ತಗೊಂಡಿದ್ದೇನೆ, ಸ್ಟೀಲಿನ ಡಬ್ಬಿ. ಆ ಬೆಂಕಿ ನಾವು ಹೇಳಿದ ಹೊತ್ತಿಗೆ ಹತ್ತುತ್ತಿತ್ತು, ನಾವು ಹೇಳಿದ ಜಾಗದಲ್ಲೇ ಉರಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಮಗನ ಮನೆಗೆ ಬಂದೆ. ಬೆಳ್ಳಂದೂರಿಗೂ ವರ್ತೂರಿಗೂ ನಡುವೆ ಒಂದು ಲೇಔಟು, ನೂರಾ ನಲವತ್ತು ಮನೆ. ಮಗ, ಸೊಸೆ ಇಬ್ಬರೂ ವೈಟ್‌ಫೀಲ್ಡ್ ಕಡೆ ಕಂಪ್ಯೂಟರ್ ಕೆಲಸ. ಬಂದ ಮೊದಲ ಬೇಸಿಗೆಯಲ್ಲೇ, 2015ರ ಮೇ ತಿಂಗಳು, ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. ಊರಿಂದ ಫೋನು. "ಏನಯ್ಯ, ನಿಮ್ಮ ಬೆಂಗಳೂರಲ್ಲಿ ನೀರೇ ಉರೀತದಂತೆ?" ನಾನು ಏನು ಹೇಳಲಿ. 2017ರ ಫೆಬ್ರವರಿ 16ಕ್ಕೆ ಮತ್ತೆ ಹೊಗೆ. ಆಮೇಲೆ 2018ರ ಜನವರಿ 19, ಶುಕ್ರವಾರ.

ಆ ಶುಕ್ರವಾರ ಮಹಡಿ ಮೇಲಿಂದ ನೋಡಿದೆ. ಕೆರೆಯೊಳಗೆ ಬೆಳೆದು ಒಣಗಿದ್ದ ಹುಲ್ಲಿನ ಬಯಲೇ ಹತ್ತಿಕೊಂಡಿತ್ತು. ಸುಮಾರು ಒಂಬೈನೂರು ಎಕರೆಯ ಕೆರೆ ಅದು, ಆದರೆ ಎಷ್ಟೋ ಕಡೆ ನೀರು ಕಾಣುವುದಿಲ್ಲ. ಮೇಲೆ ಹುಲ್ಲು, ಕಳೆ, ಕೆಳಗೆ ದಶಕಗಳ ಕೊಳಚೆಯ ಹೂಳು. ಕೊಳೆತ ಹೂಳಿನಿಂದ ಮೀಥೇನ್ ಏಳುತ್ತದೆ, ನೊರೆಯಲ್ಲಿ ಸಾಬೂನಿನ ರಂಜಕ, ಎಣ್ಣೆ ಇರುತ್ತದೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು ಎಷ್ಟೋ ವರ್ಷದಿಂದ ಬರೆಯುತ್ತಲೇ ಬಂದಿದ್ದರು. ಬೆಂಕಿ ಗಾಡಿಗಳು ಬಂದವು, ದಡದಲ್ಲಿ ನಿಂತವು. ಒಳಗೆ ಹೋಗಲು ದಾರಿಯಿಲ್ಲ. ಆ ಹೂಳಿನ ಮೇಲೆ ಚಕ್ರವೂ ನಡೆಯದು, ದೋಣಿಯೂ ತೇಲದು. ಪಕ್ಕದಲ್ಲೇ ಇದ್ದ ಸೇನೆಯ ಎಎಸ್‌ಸಿ ಕೇಂದ್ರದಿಂದ ಸುಮಾರು 5,000 ಸೈನಿಕರು ಬಂದು ಬಡಿದಾಡಿದರು ಅಂತ ಮಾರನೆಯ ದಿನ ಪೇಪರಿನಲ್ಲಿ ಬಂತು. ಒಂದು ಊರಿನ ಕೆರೆ ಆರಿಸಲು ಐದು ಸಾವಿರ ಸೈನಿಕರು! ಹೆಂಡತಿ ಒಣಹಾಕಿದ್ದ ಬಟ್ಟೆ ಎತ್ತಿಕೊಂಡು ಬಂದಳು. ಬಿಳಿ ಪಂಚೆಯ ಮೇಲೆ ಕರಿ ಚುಕ್ಕಿ.

ಅವತ್ತು ರಾತ್ರಿ ನಮ್ಮ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಮೆಸೇಜು. ಯಾವ ಮಾಸ್ಕು ಒಳ್ಳೆಯದು, ಗಾಳಿ ಶುದ್ಧಿ ಮಾಡುವ ಯಂತ್ರ ಒಟ್ಟಿಗೆ ಕೊಂಡರೆ ಎಷ್ಟು ಕಡಿಮೆಗೆ ಸಿಗುತ್ತದೆ, ಹಸಿರು ನ್ಯಾಯಮಂಡಳಿಗೆ ಪತ್ರ ಬರೆಯೋಣವೇ. ನಾನು ಸಂಘದ ಖಜಾಂಚಿ, ನಾನೂ ಹತ್ತು ಮೆಸೇಜು ಹಾಕಿದೆ. ನಾಳೆ ನಮ್ಮ ಗೇಟಿಗೆ ಬೆಂಕಿ ಗಾಡಿ ಬಂದರೆ ಒಳಗೆ ಬರುತ್ತದೆಯೇ ಅಂತ ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಕಮಾನು ಕಟ್ಟಿಸಿದವನೇ ನಾನು.

ಆ ಕಮಾನಿನ ಕಥೆ ಹೇಳಬೇಕು. 2016ರಲ್ಲಿ ಪಕ್ಕದ ಕಟ್ಟಡಗಳಿಗೆ ಹೋಗುವ ಮರಳು ಲಾರಿ, ನೀರಿನ ಟ್ಯಾಂಕರು ನಮ್ಮ ರಸ್ತೆಯಲ್ಲೇ ನುಗ್ಗಿ ಮ್ಯಾನ್‌ಹೋಲ್ ಮುಚ್ಚಳ ಒಡೆದುಹಾಕಿದ್ದವು. ಸಭೆ ಸೇರಿ ಎತ್ತರ ತಡೆ ಹಾಕಿಸುವುದೆಂದು ತೀರ್ಮಾನವಾಯಿತು. ಕಬ್ಬಿಣದ ಕೆಲಸ ಗೊತ್ತಿರುವವನು ನಾನೊಬ್ಬನೇ. ಚಿತ್ರ ನಾನೇ ಬರೆದೆ. ಎರಡು ಕಡೆ ಕಂಬ, ಮೇಲೆ ಅಡ್ಡಕ್ಕೆ ಚಾನಲ್, ನೆಲದಿಂದ ಎಂಟೂವರೆ ಅಡಿ. ವೆಲ್ಡಿಂಗಿನ ಹುಡುಗ ಒಂದು ಸುತ್ತು ಹೊಡೆದು ಕೈ ಒರೆಸಿಕೊಂಡ. ನಾನು ಬಿಡಲಿಲ್ಲ, ಇನ್ನೊಂದು ಪಾಸ್ ಹೊಡಿಯೋ, ಲಾರಿ ಗುದ್ದಿದರೂ ಅಲ್ಲಾಡಬಾರದು ಅಂದೆ. ಅಲ್ಲಾಡಲಿಲ್ಲ. ಟ್ಯಾಂಕರಿನವರು ಅಂದಿನಿಂದ ಹೊರಗೇ ನಿಂತು ಉದ್ದ ಪೈಪು ಎಳೆದು ಸಂಪಿಗೆ ನೀರು ಬಿಡತೊಡಗಿದರು.

ಹಿಂದಿನ ಗೇಟಿನದು ಇನ್ನೊಂದು ಕಥೆ. ಲೇಔಟಿನ ಹಿಂದೆ ಎರಡು ಎಕರೆಯಷ್ಟು ಖಾಲಿ ಜಾಗ, ಕೋರ್ಟಿನಲ್ಲಿತ್ತು. ಅದರಾಚೆ ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳು, ಹನ್ನೊಂದು. ಅವರ ಹೆಂಗಸರು ನಮ್ಮ ಮನೆಗಳಿಗೆ ಕಸ ಮುಸುರೆಗೆ ಬರುತ್ತಿದ್ದರು. ಹಿಂದಿನ ಗೇಟಿನಿಂದ ಬಂದರೆ ಐದು ನಿಮಿಷ, ಸುತ್ತಿ ಬಂದರೆ ಅರ್ಧ ಗಂಟೆ. ಯಾರದೋ ಮಗುವಿನ ಸೈಕಲ್ ಕಳುವಾಯಿತು. ಮಾರನೆಯ ದಿನ ಹಿಂದಿನ ಗೇಟಿಗೆ ಬೀಗ. ಏಳು ಲಿವರಿನ ಗಟ್ಟಿ ಬೀಗ, ಖಜಾಂಚಿಯಾಗಿ ನಾನೇ ತಂದದ್ದು. ಕೀ ಕಾರ್ಯದರ್ಶಿಯ ಹತ್ತಿರ. ಸೈಕಲ್ಲು ಆಮೇಲೆ ಎರಡನೇ ಅಡ್ಡರಸ್ತೆಯ ಒಂದು ಮನೆಯ ಬೇಸ್‌ಮೆಂಟಿನಲ್ಲೇ ಸಿಕ್ಕಿತು. ಬೀಗ ಹಾಗೇ ಉಳಿಯಿತು.

ಖಾಲಿ ಜಾಗದಲ್ಲಿ ಏನಿರಲಿಲ್ಲ ಹೇಳಿ. ಎದೆಮಟ್ಟದ ಕಾಂಗ್ರೆಸ್ ಗಿಡ ಒಣಗಿ ನಿಂತಿತ್ತು. ಲಂಟಾನ, ಒಡೆದ ಸೋಫಾ, ಹಾಸಿಗೆಯ ಸ್ಪಂಜು, ಥರ್ಮೋಕೋಲು, ನಮ್ಮದೇ ಮಾಲಿ ರಾತ್ರೋರಾತ್ರಿ ಸುರಿದುಬರುತ್ತಿದ್ದ ಒಣಗಿದ ಎಲೆ. ತಾಮ್ರ ತೆಗೆಯಲು ಯಾರೋ ಸಂಜೆ ಹೊತ್ತು ಹಳೇ ಕೇಬಲ್ ಸುಡುತ್ತಿದ್ದರು. ಎಷ್ಟೋ ಸಲ ಆ ವಾಸನೆಗೆ ಬೈದುಕೊಂಡು ಕಿಟಕಿ ಹಾಕಿಕೊಂಡಿದ್ದೇನೆ, ಅಷ್ಟೆ.

2018ರ ಮಾರ್ಚ್ 10, ಶನಿವಾರ. ಯುಗಾದಿಗೆ ಒಂದು ವಾರ ಇತ್ತು. ಮಗ ಸೊಸೆ ಹಬ್ಬದ ಬಟ್ಟೆ ತರಲು ಹೋಗಿದ್ದರು. ಐದು ವರ್ಷದ ಮೊಮ್ಮಗಳು ನೆಲದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದಳು. ಅವಳ ಅಜ್ಜಿ ಮಲಗಿದ್ದಳು. "ತಾತ, ಮಳೆ ಬರ್ತಿದೆ" ಅಂತು ಮಗು. ಚಟಚಟ ಅಂತ ಸದ್ದು. ಮಾರ್ಚಿನಲ್ಲಿ ಎಂಥಾ ಮಳೆ ಅಂತ ಹಿಂದಿನ ಕಿಟಕಿಗೆ ಹೋದೆ.

ಆ ಸದ್ದು ಒಣ ದಂಟು ಸಿಡಿಯುವುದು. ಬಿಸಿಲಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದಿಲ್ಲ, ಗೊತ್ತಿರಲಿ. ಹಿಂದಿನ ತಗಡು, ಗೋಡೆ ಎಲ್ಲ ನೀರಿನೊಳಗೆ ಕಂಡ ಹಾಗೆ ಕುಣಿಯುತ್ತಿರುತ್ತವೆ, ಕೆಳಗೆ ಕರಿ ಅಂಚು ಮುಂದೆ ಮುಂದೆ ತೆವಳುತ್ತಿರುತ್ತದೆ. ಗಾಳಿ ಎತ್ತಲೂ ನಿಲ್ಲದೆ ಸುತ್ತುತ್ತಿತ್ತು. ಒಂದು ಸಲ ನಮ್ಮ ಕಾಂಪೌಂಡಿನ ಕಡೆ, ಒಂದು ಸಲ ಶೆಡ್ಡಿನ ಕಡೆ.

101ಕ್ಕೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು, ಅದನ್ನು ಹೇಳಲೇಬೇಕು. ಎಲ್ಲಿ ಸಾರ್ ಅಂದರು. ಲೇಔಟಿನ ಹೆಸರು ಹೇಳಿದೆ. ಆ ಹೆಸರಿನ ಲೇಔಟು ಆ ಸುತ್ತಿನಲ್ಲಿ ಮೂರಿವೆ, ಒಂದಕ್ಕೆ ಎರಡು ಫೇಸು ಬೇರೆ. ಯಾವ ರಸ್ತೆ, ಯಾವ ಶಾಲೆ ಪಕ್ಕ, ಗ್ಯಾಸ್ ಗೋಡೌನ್ ದಾಟಬೇಕಾ ಮುಂಚೇನಾ. ಮೂವತ್ತೊಂದು ವರ್ಷ ಪೀಣ್ಯದಲ್ಲಿ ಶೆಡ್ ನಂಬರ್ ಹೇಳಿದರೆ ಸಾಕಿತ್ತು. ಇಲ್ಲಿ ನನ್ನ ಮನೆ ಎಲ್ಲಿದೆ ಅಂತ ನನಗೇ ಹೇಳಲು ಬರಲಿಲ್ಲ. ಕೊನೆಗೆ ಆ ಕಡೆಯವರೇ ಹೇಳಿಕೊಟ್ಟರು. "ಮೇನ್ ರೋಡಿಗೆ ಒಬ್ಬರನ್ನ ನಿಲ್ಲಿಸಿ ಸಾರ್, ಗಾಡಿ ಹೊರಡ್ತಿದೆ." ಪಕ್ಕದ ಮನೆಯ ಕಾಲೇಜು ಹುಡುಗನನ್ನು ಬೈಕಿನಲ್ಲಿ ಓಡಿಸಿದೆ. ಹೆಂಡತಿಯನ್ನೂ ಮಗುವನ್ನೂ ಮುಂದಿನ ಗೇಟಿಗೆ ಕಳಿಸಿದೆ. ಅವಳು ಹೋಗುತ್ತ "ಏನ್ರೀ, ಹೀರೋ ಆಗಕ್ಕೆ ಹೋಗ್ಬೇಡಿ" ಅಂದಳು.

ಗಿಡಕ್ಕೆ ನೀರು ಹಾಕುವ ಪೈಪು ಹಿಡಿದು ಕಾಂಪೌಂಡಿಗೆ ಹೋದೆ. ಬೋರು ಬತ್ತಿ ವರ್ಷವಾಗಿತ್ತು, ಟ್ಯಾಂಕಿಯಿಂದ ಮಗು ಉಚ್ಚೆ ಹೊಯ್ದಷ್ಟು ನೀರು. ಅಷ್ಟರಲ್ಲಿ ಹಿಂದಿನ ಗೇಟು ಬಡಿಯುವ ಸದ್ದು ಕೇಳಿತು.

ಸರಳಿನ ಗೇಟು ಅದು, ಆಚೆಯದು ಕಾಣುತ್ತದೆ. ಏಳೆಂಟು ಹೆಂಗಸರು, ಮಕ್ಕಳು. ಒಂದು ಎಳೆಕೂಸು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಅವರ ಮಣ್ಣುದಾರಿಯ ಕಡೆ ಸೋಫಾ, ಸ್ಪಂಜು ಹತ್ತಿ ಕರಿ ಹೊಗೆ ಮುಚ್ಚಿತ್ತು. ಉಳಿದಿದ್ದು ನಮ್ಮ ಗೇಟು ಒಂದೇ. "ಬಾಗ್ಲಾ ತಗೀರ್ರೀ ಯಪ್ಪಾ, ಸಣ್ಣ ಕೂಸು ಐತಿ!" ಕಾರ್ಯದರ್ಶಿಗೆ ಫೋನು ಹಚ್ಚಿದೆ. ಅವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೀಟಿಂಗಿನಲ್ಲಿದ್ದರು. ಕೀ ಅವರ ಕಾರಿನಲ್ಲಿ.

ಮನೆಗೆ ಓಡಿ ಬಾಲ್‌ಪೀನ್ ಸುತ್ತಿಗೆ, ಉಳಿ ತಂದೆ. ಅರವತ್ತು ದಾಟಿದ ಮೊಣಕಾಲು ಹೇಗೆ ಓಡಿತೋ. ಬೀಗಕ್ಕೆ ಹೊಡೆದು ಪ್ರಯೋಜನವಿಲ್ಲ, ನಾನೇ ಆರಿಸಿ ತಂದ ಬೀಗ. ಕೊಂಡಿಯ ವೆಲ್ಡಿಂಗಿಗೆ ಉಳಿ ಇಟ್ಟು ಹೊಡೆಯಬೇಕು. ಹೊಡೆದೆ. ಹೊಗೆ ಬಂದು ಕಣ್ಣು ಮುಚ್ಚಿತು, ಎರಡು ಏಟು ಕೈಮೇಲೆ ಬಿತ್ತು. ಆಚೆ ಒಬ್ಬ ಹೆಂಗಸು ಮಗುವನ್ನು ಸೆರಗಿನಲ್ಲಿ ಸುತ್ತಿ ನೆಲಕ್ಕೆ ಕುಳಿತುಬಿಟ್ಟಿದ್ದಳು. ಅವಳಿಗೆ ಯಾರು ಹೇಳಿಕೊಟ್ಟರೋ, ಹೊಗೆಯಲ್ಲಿ ಕೆಳಗೇ ಉಸಿರಾಡಬೇಕು ಅಂತ ನಮಗೆ ಕಾರ್ಖಾನೆಯಲ್ಲಿ ಹೇಳುತ್ತಿದ್ದರು. ಎಷ್ಟು ಏಟು ಹೊಡೆದೆನೋ ಗೊತ್ತಿಲ್ಲ. ಕೊಂಡಿ ಕಿತ್ತು ಬಂತು. ಎಲ್ಲರೂ ನನ್ನನ್ನು ತಳ್ಳಿಕೊಂಡೇ ಒಳಗೆ ಬಂದರು.

ಒಬ್ಬಳು ತಿರುಗಿ ನಿಂತಳು. ಗಂಡ ರಾತ್ರಿ ಪಾಳಿಯ ವಾಚ್‌ಮನ್, ಶೆಡ್ಡಿನಲ್ಲಿ ಮಲಗಿದ್ದಾನೆ. ಅವಳು ಕಿರುಚಿದ್ದಕ್ಕೋ ಬೆಂಕಿಯ ಸದ್ದಿಗೋ ಅವನು ಎದ್ದು ಹೊರಗೆ ಬಂದ, ಬಂದವನು ಟ್ರಂಕಿಗಾಗಿ ಮತ್ತೆ ಒಳಗೆ ಹೋದ. ಅಷ್ಟರಲ್ಲಿ ಗೇಟಿನ ಪಕ್ಕದ ಲಂಟಾನ ಭಗ್ ಅಂತ ಹತ್ತಿತು. ನಾವು ಹತ್ತು ಹೆಜ್ಜೆ ಹಿಂದಕ್ಕೆ ಬಂದೆವು. ಗಾಳಿಗೆ ಗೇಟು ತಾನೇ ಮುಚ್ಚಿಕೊಂಡಿತು, ಕೊಂಡಿಯ ಸೊಟ್ಟ ತುಂಡು ಸಿಕ್ಕಿಹಾಕಿಕೊಂಡಿತು. ಅವನು ಆಚೆ ಬಂದು ಒದೆಯುತ್ತಿದ್ದಾನೆ, ತೆರೆಯುತ್ತಿಲ್ಲ. ಹೋಗಿ ಸರಳು ಹಿಡಿದು ಎಳೆದೆ. ನೋವು ತಕ್ಷಣ ಗೊತ್ತಾಗಲಿಲ್ಲ, ವಾಸನೆ ಗೊತ್ತಾಯಿತು. ಅವನು ಈಚೆ ಬಿದ್ದ. ಕೈಯಲ್ಲಿ ಟ್ರಂಕು ಇರಲಿಲ್ಲ. ಹಿಂದೆ ಶೆಡ್ಡಿನಲ್ಲಿ ಅಡುಗೆಯ ಸಣ್ಣ ಸಿಲಿಂಡರು ಸಿಳ್ಳೆ ಹೊಡೆದ ಹಾಗೆ ಉರಿ ಕಾರತೊಡಗಿತು.

ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ಮುಂದಿನ ಗೇಟಿಗೆ ಓಡಿದೆ. ಬೆಂಕಿ ಗಾಡಿ ಬಂದಿತ್ತು. ಫೋನಿನಲ್ಲಿ ನೋಡಿಕೊಂಡರೆ ನಾನು ಕರೆ ಮಾಡಿ ಇಪ್ಪತ್ತೆರಡು ನಿಮಿಷ. ಶನಿವಾರ ಮಧ್ಯಾಹ್ನ, ಆ ರಸ್ತೆಯಲ್ಲಿ, ಇಪ್ಪತ್ತೆರಡು ನಿಮಿಷ ಅಂದರೆ ಹಾರಿಕೊಂಡೇ ಬಂದಿದ್ದಾರೆ. ಬಂದು ಕಮಾನಿನ ಮುಂದೆ ನಿಂತಿದ್ದರು.

ಅವರ ಮುಖ್ಯಸ್ಥ, ನಲವತ್ತರ ಆಸುಪಾಸಿನವನು, ಕೆಳಗಿಳಿದು ಕಮಾನು ನೋಡಿದ, ಗಾಡಿಯ ನೆತ್ತಿ ನೋಡಿದ. ಟೈರಿನ ಗಾಳಿ ಇಳಿಸಿದರೂ ಆಗುವ ಮಾತಲ್ಲ. "ಇದ್ಯಾರ್ರೀ ಹಾಕ್ಸಿದ್ದು?" ಅಂದ. ಗೇಟಿನಲ್ಲಿ ಇಪ್ಪತ್ತು ಜನ ಇದ್ದೆವು. ನಾನು ಬಾಯಿ ಬಿಡಲಿಲ್ಲ.

ಅವನು ಉತ್ತರಕ್ಕೆ ಕಾಯಲೂ ಇಲ್ಲ. ಹೋಸ್ ಇಳಿಸಿ ಅಂದ. ಒಂದೊಂದು ಹೋಸ್ ಹದಿನೈದು ಮೀಟರು. ಹಿಂದಿನ ಗೇಟಿಗೆ ನೂರಾ ಎಪ್ಪತ್ತು ಮೀಟರು. ಹುಡುಗರು ಸುರುಳಿ ಹೆಗಲಿಗೆ ಹಾಕಿಕೊಂಡು ಓಡಿ ಬಿಚ್ಚುತ್ತಾರೆ, ಕಪ್ಲಿಂಗ್ ಕೂಡಿಸುತ್ತಾರೆ, ಮತ್ತೆ ಓಡುತ್ತಾರೆ. ದಾರಿಯ ಎರಡೂ ಕಡೆ ಕಾರು. ಒಂದು ಕಾರಿನ ಚಕ್ರ ಹೋಸಿನ ಮೇಲೇ ನಿಂತಿತ್ತು. ಮಾಲೀಕರು ಕೀ ಹುಡುಕಲು ಹೋದರು, ನಾಲ್ಕು ಜನ ಕಾರನ್ನೇ ಎತ್ತಿ ಸರಿಸಿದರು. ನೀರು ಬಂದಾಗ ಚಪ್ಪಟೆ ಹೋಸು ಹಾವಿನ ಹಾಗೆ ಉಬ್ಬಿಕೊಂಡು ಹೋಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಗಾಡಿಯಲ್ಲಿದ್ದದ್ದು ನಾಲ್ಕೂವರೆ ಸಾವಿರ ಲೀಟರ್. ಅಷ್ಟು ನೀರು ಎಷ್ಟು ಬೇಗ ಮುಗಿಯುತ್ತದೆ ಅಂತ ನೋಡಿದವರಿಗೇ ಗೊತ್ತು. ನಿಮ್ಮ ಸಂಪು ಎಲ್ಲಿ ಅಂದರು. ಸಂಪಿನಲ್ಲಿ ಮೊಣಕಾಲುದ್ದ ನೀರು, ಟ್ಯಾಂಕರು ಸಂಜೆ ಬರಬೇಕಿತ್ತು. ಆ ಟ್ಯಾಂಕರಿನವನಿಗೇ ಫೋನು ಮಾಡಿದೆವು. ಹೊಸೂರಿನ ಕಡೆಯ ಹುಡುಗ, ಪಕ್ಕದ ಅಪಾರ್ಟ್‌ಮೆಂಟಿಗೆ ಹೊರಟಿದ್ದವನು ತಿರುಗಿಸಿಕೊಂಡು ಬಂದ. ಗೇಟಿನ ಹೊರಗೆ ಬೆಂಕಿ ಗಾಡಿಗೆ ಬೆನ್ನು ಕೊಟ್ಟು ನಿಲ್ಲಿಸಿ ನೀರು ಬಿಟ್ಟ. ಆಮೇಲೆ ದುಡ್ಡು ಕೊಡಹೋದರೆ, "ಹೋಗ್ಲಿ ಬಿಡಿ ಸಾರ್, ಮುಂದಿನ್ ಲೋಡಲ್ಲಿ ಸೇರಿಸ್ಕೋತೀನಿ" ಅಂದ. ಸೇರಿಸಲಿಲ್ಲ. ಅಷ್ಟು ಹೊತ್ತಿಗೆ ಎರಡನೇ ಗಾಡಿ ಸುತ್ತುಹಾಕಿ ಮಣ್ಣುದಾರಿಯ ಕಡೆಯಿಂದ ಬಂತು. ನಾಲ್ಕೂವರೆಗೆ ಉರಿ ನಿಂತಿತು. ಕಸದ ಗುಡ್ಡೆಯ ಒಳಗಿನ ಹೊಗೆ ರಾತ್ರಿ ಹತ್ತಾದರೂ ನಿಲ್ಲಲಿಲ್ಲ.

ಹನ್ನೊಂದರಲ್ಲಿ ಏಳು ಶೆಡ್ಡು ಹೋದವು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ. ನನ್ನ ಕೈಗೆ ಆರು ವಾರ ಡ್ರೆಸಿಂಗ್. ಚರ್ಮ ಬಿಡಿಸುವಾಗ ಆಗುವ ನೋವಿನ ಬಗ್ಗೆ ಬರೆದು ಓದುವವರನ್ನು ಹಿಂಸಿಸುವುದಿಲ್ಲ. ಮಗುವಿಗೆ ಅನ್ನ ಕಲಸಿಕೊಡಲು ಆಗುತ್ತಿರಲಿಲ್ಲ, ಅದೇ ಬೇಜಾರು.

ಆ ಕುಟುಂಬಗಳು ಎರಡು ರಾತ್ರಿ ನಮ್ಮ ಕ್ಲಬ್ ಹೌಸಿನಲ್ಲಿ ಮಲಗಿದವು. ಅದಕ್ಕೂ ವಾಟ್ಸಾಪಿನಲ್ಲಿ ವಾದ ನಡೆಯಿತು, ಬೇಡ ಬಿಡಿ. ಮಾರನೆಯ ಬೆಳಗ್ಗೆ ವಾಚ್‌ಮನ್ನನ ಹೆಂಡತಿ ಬೂದಿಯಲ್ಲಿ ಟ್ರಂಕು ಹುಡುಕುತ್ತಿದ್ದಳು. ಕಾಗದ, ಹಣ ಎಲ್ಲ ಕಪ್ಪು ಪದರವಾಗಿತ್ತು. ಅಲ್ಯೂಮಿನಿಯಂ ಪಾತ್ರೆ ಕರಗಿ ನೆಲಕ್ಕೆ ರೊಟ್ಟಿಯಂತೆ ಅಂಟಿತ್ತು. ನನ್ನನ್ನು ನೋಡಿ ಎದ್ದು ನಿಂತಳು. ಕೈ ಹೆಂಗೈತ್ರೀ ಅಂತ ಮೊದಲು ಕೇಳಿದಳು. ಆಮೇಲೆ, "ಆ ಬಾಗ್ಲಾಕ ಕೀಲಿ ಯಾಕ ಹಾಕಿದ್ರಿ ಯಪ್ಪಾ?"

"ಕಳ್ಳರ ಕಾಟಕ್ಕಮ್ಮ" ಅಂದೆ.

"ಹೌದ್ರೀ, ಈ ಕಡೆ ಕಳ್ಳರು ಭಾಳ" ಅಂದಳು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನಂಬಿದ್ದಳು.

ಯುಗಾದಿಗೆ ನನ್ನ ಹೆಂಡತಿಯ ತಮ್ಮ ಗುಂಡ್ಲುಪೇಟೆ ಕಡೆಯಿಂದ ಬಂದ. ಬೇಸಿಗೆಯಲ್ಲಿ ಅವನು ಬಂಡೀಪುರದಲ್ಲಿ ದಿನಗೂಲಿಗೆ ಫೈರ್ ವಾಚರ್. ಹಿಂದಿನ ವರ್ಷ, 2017ರ ಫೆಬ್ರವರಿಯಲ್ಲಿ, ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋಗಿದ್ದ ಯುವ ಅರಣ್ಯ ರಕ್ಷಕನೊಬ್ಬ ಅದೇ ಬೆಂಕಿಗೆ ಬಲಿಯಾಗಿದ್ದ. ಅಂದಿನಿಂದ ಇವನು ಬೆಂಕಿಯ ಮಾತು ಬಂದರೆ ದನಿ ಇಳಿಸಿ ಮಾತಾಡುತ್ತಾನೆ. ಒಬ್ಬಟ್ಟು ತಿಂದು ನನ್ನ ಜೊತೆ ಖಾಲಿ ಜಾಗಕ್ಕೆ ಬಂದ. ಸುಟ್ಟ ನೆಲದ ಉದ್ದಕ್ಕೂ ನಡೆದ. "ಭಾವ, ಗೋಡೆ ಉದ್ದಕ್ಕೂ ಹತ್ತಡಿ, ಶೆಡ್ ಉದ್ದಕ್ಕೂ ಹತ್ತಡಿ, ಸಂಕ್ರಾಂತಿಗೆ ಮುಂಚೆ ಕೆತ್ತಿಸಿಬಿಟ್ಟಿದ್ರೆ ಸಾಕಾಗಿತ್ತು. ನಾಲ್ಕಾಳು, ಎರಡು ದಿನದ ಕೂಲಿ." ಕಾಡಿನಲ್ಲಿ ಅದನ್ನೇ ಬೆಂಕಿ ರೇಖೆ ಅನ್ನುತ್ತಾರೆ. ನಮ್ಮ ಊರಲ್ಲೂ ಹುಲ್ಲಿನ ಬಣವೆಯ ಸುತ್ತ ಅಪ್ಪ ಹೀಗೇ ಕೆತ್ತಿಸುತ್ತಿದ್ದ, ಬೆಂಕಿ ಬಿದ್ದರೆ ಹಸಿ ಹೊಂಗೆ ಸೊಪ್ಪಿನಲ್ಲಿ ಬಡಿಯುತ್ತಿದ್ದರು. ಪೀಣ್ಯಕ್ಕೆ ಬಂದು ಪುಡಿಯ ಸಿಲಿಂಡರು ಹಿಡಿದ ಮೇಲೆ ಅದೆಲ್ಲ ಮರೆತೇ ಹೋಗಿತ್ತು.

ಮರುವರ್ಷದಿಂದ ಕೆತ್ತಿಸುತ್ತಿದ್ದೇವೆ. ಜಾಗದ ಮಾಲೀಕರು ಯಾರೆಂದು ಕೋರ್ಟು ಹೇಳುವವರೆಗೆ ಕಾಯಲಿಲ್ಲ. 2019ರ ಫೆಬ್ರವರಿ ಕೊನೆಯ ವಾರ ಬಂಡೀಪುರ ದಿನಗಟ್ಟಲೆ ಉರಿಯಿತು, ವಾಯುಪಡೆಯ ಹೆಲಿಕಾಪ್ಟರು ನೀರು ಸುರಿಯಬೇಕಾಯಿತು. ಅದೇ ದಿನಗಳಲ್ಲಿ, 23ನೇ ತಾರೀಕು, ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಒಣ ಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟವು. ನಾನು ಭಾಮೈದನಿಗೆ ಫೋನು ಮಾಡಿದರೆ ಅವನು ಕಾಡಿನಲ್ಲಿದ್ದ, ಸಿಗ್ನಲ್ ಇಲ್ಲ. ಎರಡು ದಿನ ಬಿಟ್ಟು ಅವನೇ ಮಾಡಿ, "ನಿಮ್ ಹುಲ್ ಕೆತ್ತಿದ್ದೀರಾ?" ಅಂದ.

ಕಮಾನು ಬಿಚ್ಚಿಸಲು ಸಭೆ ಒಪ್ಪಲಿಲ್ಲ. ಲಾರಿಗಳು ಮತ್ತೆ ನುಗ್ಗುತ್ತವೆ ಅಂದರು, ಅದೂ ಸುಳ್ಳಲ್ಲ. ನಾನೇ ಹಾಕಿಸಿದ್ದು ಅಂತ ಆ ಸಭೆಯಲ್ಲಿ ಎದ್ದು ಹೇಳಿದೆ, ಬೆಂಕಿ ಗಾಡಿಯವನಿಗೆ ಹೇಳದ್ದನ್ನು. ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಕೊನೆಗೆ ವೆಲ್ಡಿಂಗ್ ಕತ್ತರಿಸಿ, ಒಂದು ಕಡೆ ಕೀಲು, ಇನ್ನೊಂದು ಕಡೆ ಎರಡು ಬೋಲ್ಟು ಹಾಕಿಸಿದೆ. ಬೋಲ್ಟು ಬಿಚ್ಚಿದರೆ ಅಡ್ಡ ಚಾನಲ್ ಬಾಗಿಲಿನ ಹಾಗೆ ಪಕ್ಕಕ್ಕೆ ತಿರುಗುತ್ತದೆ. 2023ರಲ್ಲಿ ಬೆಂಗಳೂರಿಗೆ 90 ಮೀಟರ್ ಏಣಿಯ ಅಗ್ನಿಶಾಮಕ ವಾಹನ ಬಂತೆಂದು ಪೇಪರಿನಲ್ಲಿ ಓದಿದಾಗ ಟೇಪು ಹಿಡಿದುಕೊಂಡು ಗೇಟಿಗೆ ಹೋಗಿ ಅಗಲ ಅಳೆದು ಬಂದೆ, ಹೆಂಡತಿ ನಕ್ಕಳು.

ಇಪ್ಪತ್ತನಾಲ್ಕರ ಸ್ಪ್ಯಾನರು ಸೆಕ್ಯುರಿಟಿ ಕ್ಯಾಬಿನ್ನಿನ ಮೊಳೆಗೆ ನೇತುಹಾಕಿದ್ದೇನೆ. ತಿಂಗಳ ಮೊದಲ ಭಾನುವಾರ ಹೋಗಿ ಎರಡೂ ಬೋಲ್ಟು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಹಾಕಿ ಬರುತ್ತೇನೆ. ಸೆಕ್ಯುರಿಟಿ ಹುಡುಗರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಪ್ರತಿ ಸಲ ಹೊಸಬನಿಗೆ ತೋರಿಸಿಕೊಡಬೇಕು. ಹೋದ ಭಾನುವಾರ ಹೋದಾಗ ಸ್ಪ್ಯಾನರು ಮೊಳೆಯಲ್ಲಿರಲಿಲ್ಲ. ಯಾರದೋ ಬೈಕ್ ರಿಪೇರಿಗೆ ತಗೊಂಡು ಹೋಗಿದ್ದಾರೆ ಅಂದ. ಸಂಜೆವರೆಗೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದು, ಅದು ವಾಪಸು ಬಂದ ಮೇಲೆ ಎದ್ದು ಬಂದೆ.